ಅರ್ಧ ಇಂಚಿನ ನಟ್ಟು, ಹದಿಮೂರರ ಸ್ಪ್ಯಾನರು

ಹೋದ ವರ್ಷ ಮಾರ್ಚ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಆರೂವರೆ. ಬಿಸಿಲು ಏರುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡೋಣ ಎಂದು ಚಾ ಕುಡಿದು ಶೆಡ್ಡಿಗೆ ಹೋದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದು ನಟ್ಟು ಬಿಚ್ಚಬೇಕಿತ್ತು, ಅಷ್ಟೇ. ಹದಿಮೂರರ ಸ್ಪ್ಯಾನರ್ ಹಾಕಿದೆ, ಸ್ವಲ್ಪ ಲೂಸ್ ಇತ್ತು. ಹನ್ನೆರಡರದ್ದು ಕೂರುವುದೇ ಇಲ್ಲ. ಪರವಾಗಿಲ್ಲ ಎಂದು ಹದಿಮೂರರದ್ದನ್ನೇ ಒತ್ತಿ ಹಿಡಿದು ಎಳೆದೆ. ಸ್ಪ್ಯಾನರ್ ತಿರುಗಿತು, ನಟ್ಟು ತಿರುಗಲಿಲ್ಲ. ಆರು ಮೂಲೆಯ ನಟ್ಟು ಗೋಲಿಯ ಹಾಗೆ ಉರುಟಾಯಿತು. ಸಿಟ್ಟಿನಲ್ಲಿ ಪೈಪ್ ರೆಂಚ್ ತಂದು ಹಾಕಿದೆ. ಈ ಸಲ ನಟ್ಟು ತಿರುಗಿತು, ಆದರೆ ಸ್ಟಡ್ಡನ್ನೂ ಮುರಿದುಕೊಂಡು ಕೈಗೆ ಬಂತು. ಬೆರಳ ಗೆಣ್ಣಿನ ಚರ್ಮವೂ ಹೋಯಿತು.

ಇಪ್ಪತ್ತೆರಡು ವರ್ಷದಿಂದ ಈ ದೇಶದಲ್ಲಿ ಎಸಿ ಮೆಕ್ಯಾನಿಕ್ ಆಗಿ ದುಡಿದವನು ನಾನು. ಸ್ಪ್ಯಾನರ್ ಹಿಡಿಯಲು ಬಾರದವನಲ್ಲ. ಹಾಗಿದ್ದೂ ಯಾಕೆ ಹೀಗಾಯಿತು ಅಂತ ಆ ದಿನ ಕೂತು ಯೋಚಿಸಿದೆ. ಆಮೇಲೆ ಓದಿದೆ, ಕೇಳಿದೆ. ಆ ಒಂದು ನಟ್ಟಿನ ಹಿಂದೆ ಎಷ್ಟು ಚರಿತ್ರೆ ಇದೆ ಅಂತ ಗೊತ್ತಾದ ಮೇಲೆ, ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಇದನ್ನೇ ಬರೆಯೋಣ ಅನ್ನಿಸಿತು.

ಮೊದಲು ಕಾರಿನ ವಿಷಯ. ಅದು 1966ರ ಎಂಜಿಬಿ. ಎರಡು ಸೀಟು, ಬಟ್ಟೆಯ ಟಾಪು, ನೆಲಕ್ಕೆ ಅಂಟಿಕೊಂಡ ಹಾಗೆ ಕೂರುವ ಸ್ಪೋರ್ಟ್ಸ್ ಕಾರು. ಇಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರರ ಮನೆಯ ಎಸಿ ಬಿಚ್ಚಲು ಹೋದಾಗ ಕಂಡದ್ದು. ಹತ್ತು ವರ್ಷದಿಂದ ಓಡಿರಲಿಲ್ಲ. ಧೂಳು ಎಷ್ಟಿತ್ತೆಂದರೆ ಬಣ್ಣ ಹಸಿರು ಅಂತ ಗೊತ್ತಾಗಲು ಒದ್ದೆ ಬಟ್ಟೆ ಬೇಕಾಯಿತು. ಹಳೇ ಫ್ರಿಜ್ಜಿಗೆ ಕೊಡುವಷ್ಟು ದುಡ್ಡು ಕೊಟ್ಟು, ಒಂದು ಪೆಟ್ಟಿಗೆ ಬಿಡಿಭಾಗ, ಒಂದು ಗ್ರೀಸು ಮೆತ್ತಿದ ಪುಸ್ತಕದ ಸಮೇತ ತಂದೆ. ಮನೆಯವಳು ಊರಿನಿಂದ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಎಂತಕ್ಕೆ?" ಆ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿಲ್ಲ. ನಾನು ಎಸಿ ನೋಡಿಕೊಳ್ಳುವ ವಿಲ್ಲಾ ಒಂದರ ಮಾಲಿಕರು ದೊಡ್ಡ ಮನಸ್ಸು ಮಾಡಿ ತಮ್ಮ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಟ್ಟರು.

ಗ್ಯಾರೇಜಿಗೆ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಕೊಟ್ಟಿದ್ದೆ. ಒಂದು ಕಡೆ ಬನೀದ್ ಎತ್ತಿ ನೋಡಿದ ಹುಡುಗ ಕಂಪ್ಯೂಟರಿನ ವೈರ್ ಚುಚ್ಚಲು ಜಾಗ ಹುಡುಕಿದ. ಇನ್ನೊಂದು ಕಡೆ ಎರಡು ತಿಂಗಳು ಇಟ್ಟುಕೊಂಡು, ಎರಡು ಬೋಲ್ಟು ಕಡಿಮೆ ಮಾಡಿ ವಾಪಸು ಕೊಟ್ಟರು. ಸಿಟ್ಟು ಬಂತು, ಆದರೆ ಅವರದ್ದೂ ತಪ್ಪಿಲ್ಲ. ಅವರು ಹುಟ್ಟುವ ಮೊದಲೇ ಈ ಕಾರಿನ ಕಾರ್ಖಾನೆ ಬಾಗಿಲು ಹಾಕಿತ್ತು.

ಬನೀದ್ ಅಂದೆನಲ್ಲ, ಆ ಮಾತಿನಲ್ಲೇ ಒಂದು ಇತಿಹಾಸ ಇದೆ. ಇಲ್ಲಿಯ ಅರಬಿಯಲ್ಲಿ ಕಾರಿನ ಬಾನೆಟ್ಟಿಗೆ ಬನೀದ್, ಡ್ರೈವರಿಗೆ ದರೇವಲ್, ಪಂಕ್ಚರಿಗೆ ಬನ್ಚರ್, ಗುಜರಿಗೆ ಸಿಕ್ರಾಬ್. ಎಲ್ಲ ಇಂಗ್ಲಿಷಿನಿಂದ ಬಂದದ್ದು. ದರೇವಲ್ ಅನ್ನುವುದಕ್ಕೂ ನಮ್ಮೂರ ಅಜ್ಜಂದಿರ ಡ್ರೈವರ್ ಉಚ್ಚಾರಕ್ಕೂ ಹೆಚ್ಚು ದೂರವಿಲ್ಲ. ಕುವೈತಿನ ಮೊದಲ ಕಾರು ಬಂದದ್ದು 1912ರಲ್ಲಿ, ಶೇಖ್ ಮುಬಾರಕ್ ಅವರ ಕಾಲದಲ್ಲಿ. ಬೆಲ್ಜಿಯಮ್ಮಿನ ಮಿನರ್ವಾ ಕಂಪನಿಯದ್ದು. ಕೊಟ್ಟವರು ಬೊಂಬಾಯಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅರಬ್ ಸಾಹುಕಾರ ಕಾಸಿಮ್ ಅಲ್ ಇಬ್ರಾಹಿಂ. ಆಗ ಇಲ್ಲಿ ಎಣ್ಣೆ ಇರಲಿಲ್ಲ, ಮುತ್ತು ಇತ್ತು. ಮುತ್ತಿನ ಮಾರುಕಟ್ಟೆ ಬೊಂಬಾಯಿ. ಇಲ್ಲಿ ಓಡುತ್ತಿದ್ದ ದುಡ್ಡೂ ರೂಪಾಯಿಯೇ, 1961ರಲ್ಲಿ ದಿನಾರ್ ಬರುವ ತನಕ. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ, ಮೊದಲ ಹಡಗು ಹೊರಟದ್ದು 1946ರಲ್ಲಿ. ಆಮೇಲೆ ಕಾರುಗಳು ಬಂದವು ನೋಡಿ, ಲೆಕ್ಕ ಇಡಲು ಆಗದಷ್ಟು. ಶುವೈಖಿನಲ್ಲಿ ಹಳೇ ಕಾರುಗಳ ಮ್ಯೂಸಿಯಮ್ಮೇ ಇದೆ. ನೋಡದವರು ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಕಾರುಗಳು ಮಿರಿಮಿರಿ ಮಿಂಚುತ್ತವೆ. ಅವನ್ನು ಬಿಚ್ಚಿ ಜೋಡಿಸಿದ ಕೈಗಳು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಲ್ಲ, ಅದು ಬೇರೆ ಮಾತು.

ಇನ್ನು ಎಂಜಿ. ಈ ಎರಡಕ್ಷರದ ಅರ್ಥ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಇಟ್ಟುಕೊಂಡಿದ್ದ ಕಾರು ಮಾರುವ, ರಿಪೇರಿ ಮಾಡುವ ಅಂಗಡಿ ಅದು. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ ಎಂಬವರು ಸಾದಾ ಮಾರಿಸ್ ಕಾರುಗಳಿಗೆ ಚಂದದ ಬಾಡಿ ಕಟ್ಟಿ, ಸ್ವಲ್ಪ ವೇಗ ಕೂಡಿಸಿ ಮಾರಲು ಶುರು ಮಾಡಿದರು. 1929ರಲ್ಲಿ ಆಬಿಂಗ್ಡನ್ ಎಂಬ ಊರಿಗೆ ಹೋದರು. ಎಂಜಿಬಿ ಅಲ್ಲಿ 1962ರಿಂದ 1980ರ ತನಕ ತಯಾರಾಯಿತು, ಐದು ಲಕ್ಷಕ್ಕೂ ಹೆಚ್ಚು. ಅಂದರೆ ಇದು ರಾಜರ ಕಾರಲ್ಲ. ಮೇಷ್ಟರು, ಗುಮಾಸ್ತರು ಕೊಳ್ಳಬಹುದಾಗಿದ್ದ ಸ್ಪೋರ್ಟ್ಸ್ ಕಾರು. ಒಳಗಿನ ಸಾಮಾನು ಬಹುಪಾಲು ಮನೆ ಬಳಕೆಯ ಕಾರುಗಳದ್ದೇ.

ಇಲ್ಲಿ ನಮಗೆ ಬೇಕಾದ ಸಂಗತಿ ಬರುತ್ತದೆ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಗುಂಪುಗಳು ಸೇರಿ ಬಿಎಂಸಿ ಎಂಬ ದೊಡ್ಡ ಕಂಪನಿಯಾದವು. ಅದರ ಬಿ ಸೀರೀಸ್ ಅನ್ನುವ ಇಂಜಿನು ಹತ್ತಾರು ಕಾರುಗಳಿಗೆ ಹೋಯಿತು. ಅದರಲ್ಲಿ ಒಂದು ಮಾರಿಸ್ ಆಕ್ಸ್‌ಫರ್ಡ್. ಆ ಆಕ್ಸ್‌ಫರ್ಡನ್ನೇ ಕಲ್ಕತ್ತದ ಹತ್ತಿರ ಉತ್ತರಪಾರದಲ್ಲಿ ಹಿಂದುಸ್ತಾನ್ ಮೋಟಾರ್ಸಿನವರು 1950ರ ದಶಕದ ಕೊನೆಯಿಂದ 2014ರ ತನಕ ಮಾಡಿದರು. ಹೆಸರು ಅಂಬಾಸಿಡರ್! ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನು, ಎಂಜಿಬಿಗೆ ಮೊದಲು ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಮೊದಲ ಇಂಜಿನು, ಎರಡೂ ಅಣ್ಣತಮ್ಮಂದಿರು. ಎಂಜಿಬಿಯಲ್ಲಿ ಬೋರ್ ದೊಡ್ಡದು ಮಾಡಿ 1798 ಸಿಸಿ ಮಾಡಿದ್ದಾರೆ. ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ ಮಾತ್ರ ಎಲ್ಲದರಲ್ಲೂ ಒಂದೇ, 88.9 ಮಿಲಿಮೀಟರ್. ಯಾಕೆ ಇಂಥ ವಿಚಿತ್ರ ಸಂಖ್ಯೆ ಅಂದರೆ ಅದು ಸರಿಯಾಗಿ ಮೂರೂವರೆ ಇಂಚು.

ನನ್ನ ಸೋದರಮಾವನಿಗೆ ಕಾರ್ಕಳದ ಕಡೆ ಒಂದು ಗ್ಯಾರೇಜ್ ಇತ್ತು. ಗ್ಯಾರೇಜ್ ಅಂದರೆ ಹಲಸಿನ ಮರ, ಅದರ ಕೊಂಬೆಗೆ ಕಟ್ಟಿದ ಚೈನ್ ಪುಲ್ಲಿ, ನಾಲ್ಕು ತಗಡು. ಬರುತ್ತಿದ್ದದ್ದೆಲ್ಲ ಟ್ಯಾಕ್ಸಿ ಅಂಬಾಸಿಡರುಗಳು. ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಘಾಟಿ ಹತ್ತಿ ಇಳಿದವು. ಶಾಲೆಗೆ ರಜೆ ಸಿಕ್ಕಿದರೆ ನಾನು ಅಲ್ಲಿ ಸಾಮಾನು ಎತ್ತಿ ಕೊಡುವ ಹುಡುಗ. ಮಾವ ಕಾರಿನಡಿಯಿಂದಲೇ ಕೂಗುವುದು: "ಅರ್ಧಿಂಚು ಕೊಡು! ಏಳು ಹದಿನಾರು ಕೊಡು! ಅದಲ್ಲ ಮಾರಾಯ, ಒಂಬತ್ತು ಹದಿನಾರು!" ನನಗೆ ಅವು ಸ್ಪ್ಯಾನರುಗಳ ಹೆಸರುಗಳಷ್ಟೇ ಆಗಿದ್ದವು, ಅಳತೆ ಅಂತ ಗೊತ್ತಿರಲಿಲ್ಲ. ಆ ಹೊತ್ತಿಗೆ ದೇಶಕ್ಕೆ ಮೆಟ್ರಿಕ್ ಬಂದು ಎಷ್ಟೋ ಕಾಲ ಆಗಿತ್ತು, 1956ರಲ್ಲೇ ಕಾನೂನಾಗಿತ್ತು. ಶಾಲೆಯಲ್ಲಿ ಸೆಂಟಿಮೀಟರ್ ಕಲಿತು ಸಂಜೆ ಹಲಸಿನ ಮರದಡಿ ಇಂಚಿನ ಲೋಕಕ್ಕೆ ಬರುತ್ತಿದ್ದೆ.

ಆಮೇಲೆ ಐಟಿಐ, ಎಸಿ, ಬೊಂಬಾಯಿ, ಕುವೈತ್. ಕೈಗೆ ಬಂದ ಸಾಮಾನೆಲ್ಲ ಜಪಾನು ಕೊರಿಯಾದ್ದು. ಹತ್ತು, ಹನ್ನೆರಡು, ಹದಿಮೂರು, ಹದಿನಾಲ್ಕು. (ಹುಬ್ಬಳ್ಳಿ ಕಡೆಯ ನನ್ನ ರೂಮ್‌ಮೇಟ್ ಸ್ಪ್ಯಾನರಿಗೆ ಪಾನಾ ಅಂತಾನೆ. ಅವನ ಜೊತೆ ಐದು ವರ್ಷ ಇದ್ದು ನನಗೂ ಪಾನಾ ಬಾಯಿಗೆ ಬರುತ್ತದೆ.) ಮಾವನ ಅರ್ಧಿಂಚು ಮರೆತೇ ಹೋಗಿತ್ತು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಹದಿಮೂರರ ಸ್ಪ್ಯಾನರಿಗೂ ಅದಕ್ಕೂ 0.3 ಮಿಲಿಮೀಟರ್ ಅಂತರ. ಹೊಸ ನಟ್ಟಾದರೆ ಹೇಗೋ ಒಪ್ಪಿಕೊಂಡೀತು. ಐವತ್ತೆಂಟು ವರ್ಷ ಎಕ್ಸಾಸ್ಟಿನ ಬಿಸಿಯಲ್ಲಿ ಬೆಂದ ನಟ್ಟು ಆ 0.3ನ್ನು ಕ್ಷಮಿಸುವುದಿಲ್ಲ.

ಈ ಅಳತೆಗಳ ಜಗಳ ಹಳೆಯದು. 1841ರ ತನಕ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಗೂ ಅದರದ್ದೇ ಬೋಲ್ಟಿನ ಅಳತೆ. ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಏರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಇಂಜಿನಿಯರ್ ಎಲ್ಲ ಕಡೆಯ ಬೋಲ್ಟು ತರಿಸಿ ನೋಡಿ, ಮರೆಯ ಕೋನ 55 ಡಿಗ್ರಿ ಇರಲಿ, ಇಂತಿಂಥ ದಪ್ಪಕ್ಕೆ ಇಷ್ಟಿಷ್ಟು ಮರೆ ಇರಲಿ ಎಂದು ಗೊತ್ತು ಮಾಡಿದರು. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ ನಮ್ಮದು 60 ಡಿಗ್ರಿ ಅಂದರು. ಎರಡು ದೇಶ, ಎರಡು ಕೋನ. ಎರಡನೇ ಮಹಾಯುದ್ಧದಲ್ಲಿ ಇಬ್ಬರೂ ಒಂದೇ ಕಡೆ ನಿಂತು ಕಾದಾಡಬೇಕಾಗಿ ಬಂದಾಗ ಇದರ ಬಿಸಿ ತಟ್ಟಿತು. ಅಮೆರಿಕದ ಬೋಲ್ಟು ಬ್ರಿಟನ್ನಿನ ಇಂಜಿನಿಗೆ ಹೋಗದು. ಯುದ್ಧ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮೂರೂ ವಾಷಿಂಗ್ಟನ್ನಿನಲ್ಲಿ ಕೂತು ಯುನಿಫೈಡ್ ಮರೆ ಎಂಬುದಕ್ಕೆ ಸಹಿ ಹಾಕಿದವು. ಕೋನ 60 ಡಿಗ್ರಿ. ಎಂಜಿಬಿಯ ಹೆಚ್ಚಿನ ಬೋಲ್ಟುಗಳು ಈ ಒಪ್ಪಂದದ ಮಕ್ಕಳು.

ಹೆಚ್ಚಿನವು ಅಂದೆ, ಎಲ್ಲವೂ ಅಲ್ಲ. ಅಲ್ಲೇ ಇರುವುದು ಕಿರಿಕಿರಿ. ಕರೆಂಟಿನ ಸಾಮಾನಿನ ಸಣ್ಣ ಸ್ಕ್ರೂಗಳು ಬಿಎ ಅನ್ನುವ ಇನ್ನೊಂದು ಕುಲದವು. ಬ್ರಿಟಿಷ್ ಅಸೋಸಿಯೇಷನ್ ಅಂತ ಅದರ ಹೆಸರು, ಆದರೆ ಅಳತೆ ಹಾಕಿದ್ದು ಮಿಲಿಮೀಟರಿನಲ್ಲಿ! ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವ ಸಂಖ್ಯೆ ನಟ್ಟಿನ ತಲೆಯ ಅಗಲವಲ್ಲ, ಬೋಲ್ಟಿನ ಕಾಲಿನ ದಪ್ಪ. ಆದ್ದರಿಂದ ಅರ್ಧ ಇಂಚು ಅಂತ ಬರೆದ ಎರಡು ಸ್ಪ್ಯಾನರುಗಳನ್ನು ಅಕ್ಕಪಕ್ಕ ಇಟ್ಟರೆ ಒಂದರ ಬಾಯಲ್ಲಿ ಇನ್ನೊಂದರ ನಟ್ಟು ಗಿರಗಿರ ತಿರುಗುತ್ತದೆ. ಮುಕ್ಕಾಲು ಇಂಚಿಗೆ ಮಾತ್ರ ನಮ್ಮ ಹತ್ತೊಂಬತ್ತರದ್ದು ಸರಿಯಾಗಿ ಕೂರುತ್ತದೆ. ಅದೊಂದು ಅದೃಷ್ಟ. ಇಂಚಿನ ಸ್ಪ್ಯಾನರ್ ಸೆಟ್ಟಿಗಾಗಿ ಮೂರು ವಾರ ಶುಕ್ರವಾರದ ಸಂತೆ ಸುತ್ತಿದೆ. ಸಿಕ್ಕಿತು, ಏಳು ಹದಿನಾರು ಒಂದು ಇರಲಿಲ್ಲ.

ಮುರಿದ ಸ್ಟಡ್ಡಿಗೆ ಬರೋಣ. ಶುವೈಖಿನಲ್ಲಿ ಒಬ್ಬರು ಲೇತ್ ಕೆಲಸದವರಿದ್ದರು. ಮಂಗಳೂರು ಕಡೆಯ ಬ್ಯಾರಿಗಳು, ವಯಸ್ಸು ಎಪ್ಪತ್ತರ ಹತ್ತಿರ. ಎಲ್ಲರಿಗೂ ಅವರು ಕಾಕ. ಫೋಟೋ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ನೋಡಿದರು.

"ಯಾರು ಮಾಡಿದ್ದು ಇದು?"

"ನಾನೇ ಕಾಕ."

"ಪೈಪ್ ರೆಂಚಾ?"

ಸುಮ್ಮನಿದ್ದೆ.

"ಇದಕ್ಕೆ ಅಲ್ಲಿಗೆ ಬಂದು ಎಂತ ಮಾಡ್ಲಿಕ್ಕೂ ಆಗುದಿಲ್ಲ ಮಾರಾಯ. ಹೆಡ್ ಬಿಚ್ಚಿ ತಾ."

ಒಂದು ನಟ್ಟು ಬಿಚ್ಚಲು ಹೋದವನು ಇಂಜಿನಿನ ತಲೆಯನ್ನೇ ಬಿಚ್ಚಿದೆ. ಬೀಡಿನ ಹೆಡ್, ಒಬ್ಬನೇ ಎತ್ತಿದರೆ ಸೊಂಟ ಹಿಡಿಯುತ್ತದೆ. ಕಾಕ ಮುರಿದ ಸ್ಟಡ್ಡಿನ ತುದಿಗೆ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿದರು, ಕೆಂಪಗೆ ಇರುವಾಗಲೇ ಮೇಣದ ಬತ್ತಿ ಮುಟ್ಟಿಸಿದರು. ಕರಗಿದ ಮೇಣ ಮರೆಯೊಳಗೆ ಇಳಿಯಿತು. ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ. ಇಪ್ಪತ್ತು ನಿಮಿಷದಲ್ಲಿ ಸ್ಟಡ್ ಹೊರಗೆ. ಹೇಗಿದ್ದರೂ ಹೆಡ್ ಬಂದಿದೆಯಲ್ಲ ಎಂದು ವಾಲ್ವಿನ ಸೀಟು ನೋಡಿದರು. ಆ ಕಾಲದ ಇಂಜಿನುಗಳು ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದವು. ಸೀಸ ವಾಲ್ವಿನ ಸೀಟು ಸವೆಯದ ಹಾಗೆ ಕಾಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ, ಒಳ್ಳೆಯದೇ, ಆದರೆ ಹಳೇ ಸೀಟು ತಗ್ಗಾಗುತ್ತ ಹೋಗುತ್ತದೆ. ಎಕ್ಸಾಸ್ಟ್ ವಾಲ್ವಿನ ಜಾಗದಲ್ಲಿ ಕೊರೆದು ಗಟ್ಟಿ ಉಕ್ಕಿನ ಬಳೆ ಕೂರಿಸಿಕೊಟ್ಟರು. "ಅಂಬಾಸಿಡರ್ ಹೆಡ್ಡಿನ ಹಾಗೇ ಉಂಟಲ್ಲ ಇದು" ಅಂದರು. ನಾನು ಅಣ್ಣತಮ್ಮಂದಿರ ಕಥೆ ಹೇಳಿದೆ. ಕಾಕನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಕಾಕ ಇಲ್ಲಿಗೆ ಬಂದದ್ದು 1970ರ ದಶಕದಲ್ಲಿ. 1990ರ ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೈನ್ಯ ಬಂದಾಗ ಅವರ ಅಂಗಡಿಯಲ್ಲಿ ನಾಲ್ಕು ಇಂಜಿನು ಬಿಚ್ಚಿಟ್ಟಿದ್ದವಂತೆ. ಆ ವರ್ಷದ ಕಥೆ ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಬಸ್ಸು, ಲಾರಿ, ಸಿಕ್ಕಿದ ಕಾರು ಹತ್ತಿ ಬಗ್ದಾದ್ ದಾಟಿ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ. ಒಂದೂಮುಕ್ಕಾಲು ಲಕ್ಷದಷ್ಟು ಭಾರತೀಯರು ಹಾಗೆ ಊರು ಸೇರಿದರು. ಆ ಏಳು ತಿಂಗಳಲ್ಲಿ ಇಲ್ಲಿಯ ಕಾರುಗಳು, ಬಿಡಿಭಾಗದ ಗೋಡೌನುಗಳು ದೋಚಿಹೋದವು. ಇವತ್ತು ಕುವೈತಿನಲ್ಲಿ ಅರುವತ್ತು ಎಪ್ಪತ್ತರ ಕಾರಿನ ಸಾಮಾನು ಹುಡುಕುವವನಿಗೆ ಸಿಗುವ ಖಾಲಿ ಕಪಾಟುಗಳಲ್ಲಿ ಕೆಲವು ಆಗ ಖಾಲಿಯಾದವೇ. ವಿಮೋಚನೆಯಾದ ಮೇಲೆ ಕಾಕ ವಾಪಸು ಬಂದು ನೋಡಿದರೆ ಅಂಗಡಿಯಲ್ಲಿ ಸ್ಪ್ಯಾನರ್ ಒಂದೂ ಇಲ್ಲ, ಇಂಜಿನುಗಳಿಲ್ಲ, ಬಾಗಿಲೂ ಇಲ್ಲ. ಲೇತ್ ಮಾತ್ರ ಇತ್ತು. "ಹೊರ್ಲಿಕ್ಕೆ ಆಗ್ಲಿಲ್ಲ ಅವರಿಗೆ" ಅಂತ ನಗುತ್ತಿದ್ದರು. ನನ್ನ ಸ್ಟಡ್ಡಿನ ಕೆಲಸ ಆದದ್ದು ಅದೇ ಲೇತಿನ ಪಕ್ಕದಲ್ಲಿ.

ಕಾರಿನ ಜೊತೆ ಬಂದ ಗ್ರೀಸಿನ ಪುಸ್ತಕ ಅಂದೆನಲ್ಲ. ಅದು ಹೇನ್ಸ್ ಮ್ಯಾನುಯಲ್. ಹಳೇ ಕಾರು ತಾನೇ ರಿಪೇರಿ ಮಾಡುವವರಿಗೆ ಅದು ಪಂಚಾಂಗ ಇದ್ದ ಹಾಗೆ. ಅದರ ಹುಟ್ಟು ನಮ್ಮ ಈ ಅರಬ್ ನಾಡಿನಲ್ಲೇ ಆಯಿತೆಂದು ತಿಳಿದಾಗ ನನಗೆ ಆದ ಖುಷಿ ಹೇಳಿ ಮುಗಿಯದು.

ಅದಕ್ಕೆ ಮೊದಲು ಕಾರಿನ ಕಂಪನಿಗಳೂ ಪುಸ್ತಕ ಮಾಡುತ್ತಿದ್ದವು. ಆದರೆ ಅವು ಕಂಪನಿಯ ಗ್ಯಾರೇಜಿನ ಮೆಕ್ಯಾನಿಕ್ಕುಗಳಿಗೆ. ಬಿಎಂಸಿಯ ಪುಸ್ತಕದಲ್ಲಿ ಮಾತುಮಾತಿಗೆ 18ಜಿ ಇಂತಿಷ್ಟು ನಂಬರಿನ ವಿಶೇಷ ಟೂಲ್ ಹಾಕಿ ಬಿಚ್ಚಿ ಅಂತ ಇರುತ್ತದೆ. ಆ ಟೂಲ್ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ? ಜಾನ್ ಹೇನ್ಸ್ ಎಂಬ ತರುಣ ಬ್ರಿಟಿಷ್ ವಾಯುಪಡೆಯಲ್ಲಿದ್ದವರು. ಹುಟ್ಟಿದ್ದು 1938ರಲ್ಲಿ ಸಿಲೋನಿನಲ್ಲಿ, ತಂದೆ ಟೀ ತೋಟ ನೋಡಿಕೊಳ್ಳುತ್ತಿದ್ದವರು. 1960ರ ದಶಕದ ಮಧ್ಯದಲ್ಲಿ ಅವರಿಗೆ ಏಡನ್ನಿಗೆ ವರ್ಗ ಆಯಿತು. ಏಡನ್ ನಮಗೆ ಹೊಸ ಹೆಸರಲ್ಲ. 1937ರ ತನಕ ಅದು ಬ್ರಿಟಿಷ್ ಇಂಡಿಯಾದ ಆಡಳಿತಕ್ಕೇ ಸೇರಿತ್ತು. ಅಲ್ಲಿ ಜೊತೆಯ ಅಧಿಕಾರಿಯೊಬ್ಬ ಒಂದು ಹಳೇ ಆಸ್ಟಿನ್ ಹೀಲಿ ಸ್ಪ್ರೈಟ್ ಕೊಂಡಿದ್ದ. ಕಪ್ಪೆಕಣ್ಣಿನ ಪುಟ್ಟ ಸ್ಪೋರ್ಟ್ಸ್ ಕಾರು, ಎಂಜಿಗಳು ತಯಾರಾಗುತ್ತಿದ್ದ ಆಬಿಂಗ್ಡನ್ನಿನಲ್ಲೇ ಮಾಡಿದ್ದು. ಅದು ಹದಗೆಟ್ಟಿತ್ತು. ಕಂಪನಿಯ ಪುಸ್ತಕ ನೋಡಿ ರಿಪೇರಿ ಮಾಡಲು ಹೋಗಿ ತಲೆ ಕೆಟ್ಟುಹೋಯಿತು. ಹೇನ್ಸ್ ಒಂದು ಕ್ಯಾಮೆರಾ ತಂದು, ಕಾರನ್ನು ಒಂದೊಂದೇ ಭಾಗವಾಗಿ ಬಿಚ್ಚುತ್ತ, ಬಿಚ್ಚಿದ್ದನ್ನೆಲ್ಲ ಫೋಟೋ ತೆಗೆಯುತ್ತ ಹೋದರು. 1966ರಲ್ಲಿ ಅದು ಪುಸ್ತಕವಾಯಿತು. ಮೊದಲು ಹಾಕಿದ 3000 ಪ್ರತಿ ಮೂರು ತಿಂಗಳಾಗುವ ಮೊದಲೇ ಖಾಲಿ.

ಏಡನ್ನಿನ ಬಿಸಿಲಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರ, ರಜೆಯ ದಿನ ಮಾಡಲು ಬೇರೆ ಕೆಲಸವಿಲ್ಲದ ಇಬ್ಬರು ನೌಕರರು ಬೇರೆ ಯಾರೋ ಓಡಿಸಿ ಬಿಟ್ಟ ಕಾರನ್ನು ಬಿಚ್ಚುತ್ತಿದ್ದಾರೆ. ಇದನ್ನು ಓದಿದಾಗ ನನಗೆ ಅವರು ಇಂಗ್ಲಿಷರು ಅನ್ನಿಸಲೇ ಇಲ್ಲ. ಶುಕ್ರವಾರದ ನಮ್ಮ ಹಾಗೇ ಕಂಡರು. ಬ್ರಿಟಿಷರು 1967ರ ನವೆಂಬರಿನಲ್ಲಿ ಏಡನ್ ಬಿಟ್ಟರು. ಪುಸ್ತಕ ಉಳಿಯಿತು, ಅದರ ಹಿಂದೆ ನೂರಾರು ಬಂದವು. ಹೇನ್ಸ್ 2019ರಲ್ಲಿ ತೀರಿಕೊಂಡರು.

ಹಾಗಂತ ಆ ಪುಸ್ತಕದ ಮೇಲೆ ನನಗೆ ದೂರು ಇಲ್ಲವೆಂದಲ್ಲ. ಬಿಚ್ಚುವುದನ್ನು ಚೆನ್ನಾಗಿ ತೋರಿಸಿ, ಜೋಡಿಸುವುದಕ್ಕೆ ಬಂದಾಗ ಇದನ್ನೇ ಹಿಂದುಮುಂದಾಗಿ ಮಾಡಿ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಬಿಚ್ಚುವಾಗ ಸಿಡಿದು ಶೆಡ್ಡಿನ ಮೂಲೆಗೆ ಹೋದ ಸ್ಪ್ರಿಂಗು ಹಿಂದುಮುಂದಾಗಿ ಹಾರಿ ಬರುತ್ತದೆಯೇ?

ಕಾರ್ಬುರೇಟರಿನ ಕಥೆ ಇನ್ನೊಂದು. ಎಂಜಿಬಿಗೆ ಎಸ್‌ಯು ಕಂಪನಿಯ ಎರಡು. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನಲ್ಲಿ ಚಪ್ಪಲಿ ಬೂಟು ವ್ಯಾಪಾರದ ಮನೆತನದವರು ಸ್ಕಿನ್ನರರು. 1900ರ ದಶಕದ ಮೊದಲ ವರ್ಷಗಳಲ್ಲಿ ಅವರಲ್ಲೊಬ್ಬರು ಮಾಡಿದ ಮೊದಲ ಕಾರ್ಬುರೇಟರಿನಲ್ಲಿ ಚರ್ಮದ ತಿದಿ ಇತ್ತು, ನಮ್ಮ ಕಮ್ಮಾರರ ತಿದಿಯ ಹಾಗೆ. ಚಪ್ಪಲಿಯವರಿಗೆ ಚರ್ಮಕ್ಕೇನು ಬರ! ಆಮೇಲೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇಂಜಿನು ಉಸಿರೆಳೆದಷ್ಟು ಪಿಸ್ಟನ್ ಮೇಲೇಳುತ್ತದೆ, ಅದಕ್ಕೆ ಸಿಕ್ಕಿಸಿದ ಸೂಜಿ ಮೇಲೆದ್ದಷ್ಟು ಪೆಟ್ರೋಲು ಒಳಗೆ ಹೋಗುತ್ತದೆ. ಇದಕ್ಕಿಂತ ಸರಳವಾದ ಬುದ್ಧಿವಂತಿಕೆ ನಾನು ಕಂಡಿಲ್ಲ. ಆದರೆ ಎರಡು ಕಾರ್ಬುರೇಟರುಗಳು ಒಂದೇ ಸಮ ಉಸಿರಾಡುವಂತೆ ಮಾಡಬೇಕು. ಒಂದು ರಬ್ಬರ್ ನಳಿಗೆಯನ್ನು ಕಿವಿಗೆ ಹಿಡಿದು ಒಂದರ ಬಾಯಿಗೆ, ಇನ್ನೊಂದರ ಬಾಯಿಗೆ ಇಟ್ಟು ಸುಯ್ ಅನ್ನುವ ಶಬ್ದ ಎರಡೂ ಕಡೆ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಎಡಗಡೆ ಸರಿ ಮಾಡಿದರೆ ಬಲಗಡೆ ತಪ್ಪುತ್ತದೆ. ಆರು ಶುಕ್ರವಾರ ಹಾಗೆ ಕೇಳಿದ್ದೇನೆ. ಒಳಗಿನ ಪಿಸ್ಟನ್ ಕೂದಲೆಳೆಯಷ್ಟು ಜಾಗದಲ್ಲಿ ಜಾರಬೇಕು. ಇಲ್ಲಿಯ ಧೂಳು ನಿಮಗೆ ಗೊತ್ತಲ್ಲ, ಹಿಟ್ಟಿಗಿಂತ ನಯ. ಶಮಾಲ್ ಗಾಳಿ ಬೀಸಿದ ಮರುದಿನ ಪಿಸ್ಟನ್ ಅಂಟಿಕೊಂಡು ಕೂತಿರುತ್ತಿತ್ತು.

ಅದರ ಮೇಲೆ ಬಿಸಿ. ಈ ಇಂಜಿನಿನಲ್ಲಿ ಪೆಟ್ರೋಲು ಒಳಗೆ ಹೋಗುವ ಬಾಗಿಲು, ಹೊಗೆ ಹೊರಗೆ ಬರುವ ಬಾಗಿಲು ಎರಡೂ ಒಂದೇ ಬದಿಗೆ. ಕಾರ್ಬುರೇಟರು ಕೂತಿರುವುದು ಕಾದ ಎಕ್ಸಾಸ್ಟಿನ ಮೇಲೆಯೇ, ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ. ಇಂಗ್ಲೆಂಡಿನ ಚಳಿಗೆ ಅದು ಒಳ್ಳೆಯದೇ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಯಿತು, ಏಷ್ಯಾದಲ್ಲೇ ಅಷ್ಟು ಬಿಸಿ ಅಳೆದದ್ದಿಲ್ಲ. ಅಂಥ ಕಡೆ ಕಾರು ನಿಲ್ಲಿಸಿ ಹತ್ತು ನಿಮಿಷ ಬಕಾಲಾಕ್ಕೆ ಹೋಗಿ ಬಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲು ಕುದಿದು ಆವಿಯಾಗಿರುತ್ತದೆ. ಕಾರು ಸ್ಟಾರ್ಟ್ ಆಗದು. ಬನೀದ್ ಎತ್ತಿ ಅರ್ಧ ಗಂಟೆ ಕಾಯುವುದೇ ಔಷಧ.

ನೀರು ಕಾದು ಮುಳ್ಳು ಕೆಂಪಿಗೆ ಹೋದರೆ ಇನ್ನೊಂದು ಔಷಧ ಇದೆ: ಹೀಟರ್ ಹಾಕುವುದು. ಹೌದು, ಹೀಟರೇ. ಅದು ಇನ್ನೊಂದು ಸಣ್ಣ ರೇಡಿಯೇಟರ್ ಇದ್ದ ಹಾಗೆ, ಇಂಜಿನಿನ ಬಿಸಿಯನ್ನು ಎಳೆದು ಒಳಗೆ ಕೂತವರ ಮೇಲೆ ಊದುತ್ತದೆ. ಎಂಜಿಬಿಯಲ್ಲಿ ಆ ವರ್ಷಗಳಲ್ಲಿ ಹೀಟರಿಗೆ ಬೇರೆ ದುಡ್ಡು ಕೊಡಬೇಕಿತ್ತು. ನನ್ನ ಕಾರಿನ ಮೊದಲ ಯಜಮಾನ ಯಾರೋ ಪುಣ್ಯಾತ್ಮ ಕೊಟ್ಟಿದ್ದಾನೆ. ಜೂನಿನಲ್ಲಿ ಒಂದು ದಿನ, 47 ಡಿಗ್ರಿಯಲ್ಲಿ, ಎಸಿ ಮೆಕ್ಯಾನಿಕ್ಕಾದ ನಾನು ಹೀಟರ್ ಪೂರ್ತಿ ಹಾಕಿಕೊಂಡು ಫಹಾಹೀಲ್ ರಸ್ತೆಯಲ್ಲಿ ಬಂದೆ. ಪಕ್ಕದ ಕಾರಿನ ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು.

ನನ್ನ ಇನ್ನೊಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. 1967ರ ತನಕ ಈ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕಟ್ಟುತ್ತಿದ್ದರು. ಹಾಗೆ ಮಾಡಿದರೆ ತುಕ್ಕು ಕಡಿಮೆ ಅಂತ ಬ್ರಿಟನ್ನಿನವರ ನಂಬಿಕೆ. ಬ್ಯಾಟರಿಯೂ ಒಂದಲ್ಲ, ಸೀಟಿನ ಹಿಂದೆ ನೆಲದೊಳಗೆ ಆರಾರು ವೋಲ್ಟಿನ ಎರಡು. ನಾನು ಕರೆಂಟಿನ ಕೆಲಸ ಗೊತ್ತಿದ್ದವನು, ಪುಸ್ತಕ ಯಾಕೆ ಎಂದು ಅಂದುಕೊಂಡೆ. ಆರು ವಾರ ಕಾದು ತರಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ ಅನ್ನು ಕಪ್ಪು ವೈರ್ ಬಾಡಿಗೆ ಅಂತ ಅಭ್ಯಾಸ ಬಲದಿಂದ ಕಟ್ಟಿದೆ. ಒಂದು ಕ್ಷಣ ಮೀನು ಕರಿದ ಹಾಗೆ ಶಬ್ದ, ಆಮೇಲೆ ವಾಸನೆ. ನಲವತ್ತು ದಿನಾರ್! ಮನೆಯವಳಿಗೆ ಇದುವರೆಗೆ ಹೇಳಿಲ್ಲ, ಸಂಚಿಕೆ ಊರಿಗೆ ಹೋದರೆ ಗೊತ್ತಾಗುತ್ತದೆ. ಹಳೇ ಪಾಯಿಂಟುಗಳನ್ನೇ ಉಜ್ಜಿ ಹಾಕಿದೆ. ಮಾವ ಸಿಗರೇಟ್ ಪ್ಯಾಕಿನ ರಟ್ಟು ಇಟ್ಟು ಪಾಯಿಂಟಿನ ಗ್ಯಾಪ್ ನೋಡುತ್ತಿದ್ದದ್ದು ನೆನಪಾಯಿತು. ಹಾಗೇ ಮಾಡಿದೆ. ಓಡಿತು.

ಬಿಡಿಭಾಗ ಸಿಗುವುದೇ ಇಲ್ಲವೇನೋ ಅಂತ ತಿಳಿಯಬೇಡಿ. 1988ರಿಂದ ಇಂಗ್ಲೆಂಡಿನಲ್ಲಿ ಇದರ ಇಡೀ ಬಾಡಿಯನ್ನೇ ಹೊಸದಾಗಿ ಮಾಡುತ್ತಾರೆ. ದುಡ್ಡಿದ್ದರೆ ಕೊರಿಯರಿನಲ್ಲಿ ಎಲ್ಲವೂ ಬರುತ್ತದೆ. ಬಾರದ್ದು ಕಾಕನಂಥವರ ಕೈ. ಕಿವಿಯಲ್ಲಿ ಇಂಜಿನು ಕೇಳುವವರು, ಬೆರಳಲ್ಲಿ ಅಳತೆ ನೋಡುವವರು, ಅರ್ಧ ಜನ್ಮ ಇಲ್ಲಿ ಕಳೆದವರು, ಒಬ್ಬೊಬ್ಬರೇ ಇಕಾಮಾ ಕ್ಯಾನ್ಸಲ್ ಮಾಡಿಸಿ ಹೊರಡುತ್ತಿದ್ದಾರೆ. ಅವರ ಅಂಗಡಿಗೆ ಬರುವ ಹುಡುಗರು ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ, ತೆಗೆದು ಹೊಸದು ಹಾಕುತ್ತಾರೆ. ಕೆಲಸ ಬೇಗ ಆಗುತ್ತದೆ, ಅದನ್ನು ಒಪ್ಪುತ್ತೇನೆ. ನಾನೂ ಎಸಿ ಕಂಪ್ರೆಸರ್ ಹಾಗೇ ಮಾಡುವುದು.

ಕಾಕ ಹೋದ ನವೆಂಬರಿನಲ್ಲಿ ಊರಿಗೆ ಹೋದರು. ಕಾರು ತಂದು ತೋರಿಸಬೇಕೆಂದು ಆಸೆ ಇತ್ತು, ಆ ವಾರ ಕ್ಲಚ್ಚಿನ ಸೀಲ್ ಹೋಗಿ ಕಾರು ಶೆಡ್ಡಿನಲ್ಲೇ ಇತ್ತು. ಬಸ್ಸಿನಲ್ಲಿ ಹೋದೆ. ಲೇತ್ ಯಾರೋ ಸಿಕ್ರಾಬಿನವರಿಗೆ ತೂಕಕ್ಕೆ ಮಾರಿದ್ದರು. ಒಂದು ಎಣ್ಣೆ ಬಟ್ಟೆಯ ಗಂಟು ಕೊಟ್ಟರು. ಬಿಚ್ಚಿದರೆ ಏಳು ಹದಿನಾರರ ಸ್ಪ್ಯಾನರು.

"ಇದೊಂದು ನಿನ್ನತ್ರ ಇಲ್ಲ ಹೇಳಿದ್ದಿಯಲ್ಲ" ಅಂದರು.

ನನಗೂ ಇನ್ನು ಮೂರೋ ನಾಲ್ಕೋ ವರ್ಷ. ಕಾರನ್ನು ಊರಿಗೆ ಒಯ್ಯುವ ಲೆಕ್ಕ ಹಾಕಿ ನೋಡಿದ್ದೇನೆ, ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ ಸೇರಿ ಕಾರಿನ ಬೆಲೆಯ ಎಷ್ಟೋ ಪಾಲು ಆಗುತ್ತದೆ. ದಫ್ತರ್ ಇನ್ನೊಬ್ಬರ ಹೆಸರಿಗೆ ಆಗಲೇಬೇಕು. ಹೇನ್ಸ್ ಪುಸ್ತಕದ ಅಂಚಿನಲ್ಲಿ ನನಗಿಂತ ಮೊದಲಿನವರು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿವೆ, ಇಂಗ್ಲಿಷಿನಲ್ಲಿ ಕೆಲವು, ಅರಬಿಯಲ್ಲಿ ಎರಡು. ಮ್ಯಾನಿಫೋಲ್ಡಿನ ಪುಟದಲ್ಲಿ ನಾನೂ ಕನ್ನಡದಲ್ಲಿ ಬರೆದಿದ್ದೇನೆ: "13 ಬೇಡ. ಅರ್ಧಿಂಚು ಹಾಕಿ. ಮೊದಲು ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಪೈಪ್ ರೆಂಚ್ ಮುಟ್ಟಬೇಡಿ." ಮುಂದೆ ಕೊಳ್ಳುವವರಿಗೆ ಕನ್ನಡ ಬರುತ್ತದೋ ಇಲ್ಲವೋ, ಪಕ್ಕದಲ್ಲಿ ಒಂದು ನಟ್ಟಿನ ಚಿತ್ರವನ್ನೂ ಬಿಡಿಸಿಟ್ಟಿದ್ದೇನೆ.

ಸದ್ಯಕ್ಕೆ ಹೀಟರಿನ ಟ್ಯಾಪ್ ಸೋರುತ್ತಿದೆ. ಹೊಸದು ತರಿಸಿದ್ದೇನೆ, ಗುರುವಾರ ಬರಬಹುದು.